ಗಾಳದ ತುದಿಯ ಪ್ರಶ್ನೆ



ಭಾನುವಾರದ ಸಂಜೆ ನಮ್ಮ ಕರಾವಳಿಯ ಯಾವ ಅಳಿವೆಬಾಗಿಲಿಗೆ ಹೋದರೂ ಗಾಳ ಹಿಡಿದು ಕುಳಿತವರನ್ನು ಕಾಣಬಹುದು. ಬೆಂಗರೆ, ಸುರತ್ಕಲ್, ಮಲ್ಪೆ, ಗಂಗೊಳ್ಳಿ, ಮುರ್ಡೇಶ್ವರ – ಊರು ಬೇರೆಯಾದರೂ ನೋಟ ಒಂದೇ. ಕಡಲಿಗೆ ಚಾಚಿದ ಕಲ್ಲುಗಳ ಮೇಲೆ ನಿಂತು ಒಬ್ಬನು ಪ್ಲಾಸ್ಟಿಕ್ ಬಾಟಲಿಗೆ ಸುತ್ತಿದ ತಂಗೂಸಿಯನ್ನು ಬೀಸಿ ಎಸೆಯುತ್ತಾನೆ. ಸಿಕ್ಕಿದ ಮೀನು ಅವನ ಮನೆಯ ಆ ರಾತ್ರಿಯ ಸಾರು. ಅವನ ಪಕ್ಕದಲ್ಲಿ ನಗರದಿಂದ ಬಂದ ಯುವಕನೊಬ್ಬ ರೀಲು ಜೋಡಿಸಿದ ದುಬಾರಿ ಕೋಲಿನಿಂದ ಬಣ್ಣದ ಕೃತಕ ಮೀನೊಂದನ್ನು ಅಲೆಗಳಾಚೆಗೆ ಎಸೆಯುತ್ತಾನೆ. ಅವನಿಗೆ ಮೀನಿನ ಸಾರಿಗಿಂತ ಮೀನಿನೊಡನೆ ನಡೆಯುವ ಸೆಣಸಾಟವೇ ಮುಖ್ಯ. ಮೂರನೆಯವನು ತಾನು ಹಿಡಿದ ಮೀನಿನೊಂದಿಗೆ ಚಿತ್ರ ತೆಗೆಸಿಕೊಂಡು ಅದನ್ನು ಮರಳಿ ನೀರಿಗೆ ಬಿಡುತ್ತಾನೆ. ಉಳಿದಿಬ್ಬರಿಗಿಂತ ತಾನು ಹೆಚ್ಚು ದಯಾವಂತನೆಂಬ ಸಮಾಧಾನ ಅವನದು.

ಈ ಮೂವರಲ್ಲಿ ಯಾರ ನಡೆ ಸರಿ? ಇದೇನು ಕೇಳಬೇಕಾದ ಪ್ರಶ್ನೆಯೇ ಎಂದು ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಮೀನು ತಿಂದು ಬೆಳೆದ ನಾಡು ನಮ್ಮದು. ಶುಕ್ರವಾರಗಳಂದು, ತಪಸ್ಸುಕಾಲದಲ್ಲಿ ಮಾಂಸವನ್ನು ಬಿಟ್ಟರೂ ಮೀನನ್ನು ಬಿಟ್ಟವರಲ್ಲ ನಾವು. ಬಂಗುಡೆಯನ್ನೂ ಬೂತಾಯಿಯನ್ನೂ ಬಲೆಗಟ್ಟಲೆ ಹಿಡಿದು ತರುವ ಊರಿನಲ್ಲಿ ಗಾಳಕ್ಕೆ ಸಿಕ್ಕಿದ ಒಂದು ಮೀನಿನ ಪಾಪಪುಣ್ಯದ ಲೆಕ್ಕವೇಕೆ? ಆದರೂ ಈ ಪ್ರಶ್ನೆಯ ಮುಂದೆ ತುಸು ಹೊತ್ತು ನಿಲ್ಲೋಣ. ಹಸಿವಿಗಾಗಿ ಕೊಲ್ಲುವುದು ಬೇರೆ, ಸಂತೋಷಕ್ಕಾಗಿ ನೋಯಿಸುವುದು ಬೇರೆ ಎಂಬ ಅಳುಕು ಮನುಷ್ಯನ ಅಂತಃಕರಣದಲ್ಲಿ ಬಹು ಹಿಂದಿನಿಂದಲೂ ಇದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದು ಸುಮ್ಮನೆ ಅಲ್ಲ. ಬೆಕ್ಕಿಗೆ ಆ ಗಾದೆ ತಿಳಿಯದು, ಆದ್ದರಿಂದ ಅದಕ್ಕೆ ಹೊಣೆಯಿಲ್ಲ. ನಮಗೆ ತಿಳಿಯುತ್ತದೆ.

ಪವಿತ್ರ ಗ್ರಂಥದಲ್ಲಿ ಮೀನು

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮೀನು ಹಿಡಿಯುವುದನ್ನಾಗಲಿ ತಿನ್ನುವುದನ್ನಾಗಲಿ ಪವಿತ್ರ ಗ್ರಂಥವು ದೋಷವೆಂದು ಕಾಣುವುದಿಲ್ಲ. ಯೇಸುಸ್ವಾಮಿ ತಮ್ಮ ಮೊದಲ ಶಿಷ್ಯರನ್ನು ಕರೆದದ್ದೇ ಮೀನುಗಾರರ ನಡುವಿನಿಂದ. ಪುನರುತ್ಥಾನದ ನಂತರ ತಾವು ಬರಿಯ ಭೂತವಲ್ಲವೆಂದು ತೋರಿಸಲು ಶಿಷ್ಯರ ಮುಂದೆ ಅವರು ಸುಟ್ಟ ಮೀನಿನ ತುಂಡನ್ನು ತಿಂದರೆಂದು ಸಂತ ಲೂಕನು ಬರೆಯುತ್ತಾನೆ. ತಿಬೇರಿಯ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನನ್ನಿಟ್ಟು, ದಣಿದು ಬಂದ ಶಿಷ್ಯರನ್ನು ಉಪಾಹಾರಕ್ಕೆ ಕರೆದವರು ಸ್ವಾಮಿಯೇ. ಬಲೆಯ ಮಾತು ಶುಭಸಂದೇಶಗಳಲ್ಲಿ ಹಲವೆಡೆ ಬರುತ್ತದೆ. ಗಾಳದ ಮಾತು ಬರುವುದು ಒಂದೇ ಒಂದು ಕಡೆ, ಮತ್ತಾಯನ ಶುಭಸಂದೇಶದ ಹದಿನೇಳನೆಯ ಅಧ್ಯಾಯದಲ್ಲಿ. ದೇವಾಲಯದ ತೆರಿಗೆಯ ಪ್ರಶ್ನೆ ಬಂದಾಗ ಸ್ವಾಮಿ ಪೇತ್ರನಿಗೆ ಸರೋವರಕ್ಕೆ ಹೋಗಿ ಗಾಳ ಹಾಕಲು ಹೇಳುತ್ತಾರೆ. ಮೊದಲು ಸಿಕ್ಕಿದ ಮೀನಿನ ಬಾಯಲ್ಲಿ ಇಬ್ಬರ ತೆರಿಗೆಗೆ ಸಾಲುವ ನಾಣ್ಯವಿರುತ್ತದೆ. ಅಲ್ಲಿ ಗಾಳಕ್ಕೆ ಒಂದು ನಿಶ್ಚಿತ ಉದ್ದೇಶವಿದೆ, ಅಗತ್ಯಕ್ಕೆ ತಕ್ಕ ಒಂದು ಮೀನಿದೆ.

ನಾವು ಗಮನಿಸದೆ ದಾಟಿಹೋಗುವ ಇನ್ನೊಂದು ಸಂಗತಿ ಆದಿಕಾಂಡದ ಮೊದಲ ಅಧ್ಯಾಯದಲ್ಲಿದೆ. ಪವಿತ್ರ ಗ್ರಂಥದಲ್ಲಿ ದೇವರ ಆಶೀರ್ವಾದವನ್ನು ಮೊಟ್ಟಮೊದಲು ಪಡೆದವರು ಮನುಷ್ಯರಲ್ಲ. ಐದನೆಯ ದಿನ ದೇವರು ಜಲಚರಗಳನ್ನೂ ಪಕ್ಷಿಗಳನ್ನೂ ಸೃಷ್ಟಿಸಿ, ಅವು ವೃದ್ಧಿಯಾಗಲಿ, ಕಡಲನ್ನು ತುಂಬಿಕೊಳ್ಳಲಿ ಎಂದು ಹರಸುತ್ತಾರೆ. ನಮ್ಮ ಸರದಿ ಬರುವುದು ಆರನೆಯ ದಿನ. ಕಡಲಿನ ಮೀನುಗಳ ಮೇಲೆ ಮನುಷ್ಯನಿಗೆ ಅಧಿಕಾರ ಕೊಡಲಾಗಿದೆ ಎಂಬ ವಾಕ್ಯವನ್ನು ನಾವು ಮರೆಯುವುದಿಲ್ಲ. ಆ ಅಧಿಕಾರ ನಮ್ಮ ಕೈಗೆ ಬರುವ ಮೊದಲೇ ಮೀನುಗಳು ಆಶೀರ್ವಾದ ಪಡೆದಿದ್ದವು ಎಂಬುದನ್ನು ಮಾತ್ರ ಮರೆಯುತ್ತೇವೆ.

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಈ ಎರಡನ್ನೂ ಜೊತೆಯಾಗಿಯೇ ಹಿಡಿದಿದೆ. ಆಹಾರಕ್ಕೂ ಉಡುಪಿಗೂ ಪ್ರಾಣಿಗಳನ್ನು ಬಳಸುವುದು ನ್ಯಾಯವೆಂದು ಅದರ 2417ನೆಯ ಪರಿಚ್ಛೇದ ಒಪ್ಪುತ್ತದೆ. ಮುಂದಿನ ಪರಿಚ್ಛೇದವೇ, ಅಗತ್ಯವಿಲ್ಲದೆ ಪ್ರಾಣಿಗಳಿಗೆ ನೋವನ್ನಾಗಲಿ ಸಾವನ್ನಾಗಲಿ ತರುವುದು ಮನುಷ್ಯನ ಘನತೆಗೆ ವಿರುದ್ಧವೆನ್ನುತ್ತದೆ. 2015ರಲ್ಲಿ ಪೋಪ್ ಫ್ರಾನ್ಸಿಸರು ತಮ್ಮ ‘ಲಾವ್ದಾತೋ ಸಿ’ ಎಂಬ ವಿಶ್ವಪರಿಪತ್ರದಲ್ಲಿ ಈ ಬೋಧನೆಯನ್ನೇ ಮತ್ತೆ ನೆನಪಿಸಿದರು. ಇಲ್ಲಿ ಯಾರ ಘನತೆಯ ಮಾತು ಬಂದಿದೆ ಎಂಬುದನ್ನು ನೋಡಿ. ನಿಷ್ಕಾರಣವಾಗಿ ನೋಯಿಸಿದಾಗ ನೋವು ಮೀನಿನದು, ಕುಂದು ಮಾತ್ರ ನಮ್ಮದು.

ವಿನೋದವೂ ಒಂದು ಸದ್ಗುಣ

ಹಾಗಾದರೆ ವಿನೋದಕ್ಕಾಗಿ ಗಾಳ ಹಾಕುವುದೇ ತಪ್ಪು ಎಂದು ಒಂದೇ ಏಟಿಗೆ ತೀರ್ಪು ಕೊಡಬಹುದೇ? ಧರ್ಮಸಭೆಯ ದೊಡ್ಡ ಗುರುಗಳು ಅಷ್ಟು ಅವಸರ ಪಡುವುದಿಲ್ಲ. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಆಟವಿನೋದಗಳ ಬಗ್ಗೆಯೇ ಪ್ರತ್ಯೇಕವಾಗಿ ಚರ್ಚಿಸಿದ್ದಾರೆ. ಅಲ್ಲಿ ಅವರು ಒಂದು ಹಳೆಯ ಕಥೆಯನ್ನು ನೆನೆಯುತ್ತಾರೆ. ಪ್ರೇಷಿತ ಸಂತ ಯೊವಾನ್ನನು ತನ್ನ ಶಿಷ್ಯರೊಂದಿಗೆ ಆಟದಲ್ಲಿ ತೊಡಗಿರುವುದನ್ನು ಕಂಡು ಕೆಲವರು ಬೇಸರಪಟ್ಟರಂತೆ. ಆಗ ಅವನು ಬಿಲ್ಲು ಹಿಡಿದಿದ್ದ ಒಬ್ಬನಿಂದ ಮೇಲಿಂದ ಮೇಲೆ ಬಾಣ ಬಿಡಿಸಿ, ಹೀಗೆಯೇ ಬಿಡುತ್ತಾ ಇರಬಲ್ಲೆಯಾ ಎಂದು ಕೇಳಿದನಂತೆ. ಬಿಲ್ಲು ಮುರಿದುಹೋಗುತ್ತದೆ ಎಂದು ಉತ್ತರ ಬಂತು. ವಿಶ್ರಾಂತಿಯಿಲ್ಲದ ಮನಸ್ಸೂ ಹಾಗೆಯೇ ಮುರಿಯುತ್ತದೆ ಎಂಬುದು ಆ ಕಥೆಯ ಪಾಠ. ಹಿತಮಿತವಾದ ವಿನೋದವು ಒಂದು ಸದ್ಗುಣವೆಂದೇ ಅಕ್ವಿನಾಸರ ಮತ. ತಾನೂ ನಗದೆ ಇತರರನ್ನೂ ನಗಗೊಡದ ಗಂಟುಮೋರೆಯನ್ನು ಅವರು ದೋಷದ ಸಾಲಿಗೆ ಸೇರಿಸುತ್ತಾರೆ.

ಆದ್ದರಿಂದ ವಾರವಿಡೀ ಬ್ಯಾಂಕಿನಲ್ಲೋ ಅಂಗಡಿಯಲ್ಲೋ ಶಾಲೆಯಲ್ಲೋ ದುಡಿದು ಭಾನುವಾರದ ಪೂಜೆಯ ಬಳಿಕ ಕಡಲ ದಡದಲ್ಲಿ ಎರಡು ಗಂಟೆ ಕುಳಿತುಕೊಳ್ಳುವವನನ್ನು ಯಾರೂ ಸೋಮಾರಿ ಎನ್ನಬಾರದು. ಗಾಳಿಯ ದಿಕ್ಕು, ನೀರಿನ ಬಣ್ಣ, ಭರತ ಇಳಿತಗಳ ಹೊತ್ತು, ಅಮಾವಾಸ್ಯೆ ಹುಣ್ಣಿಮೆಗಳ ಸೆಳೆತ – ಇವನ್ನೆಲ್ಲ ಗಮನಿಸಲು ಕಲಿತವನು ಸೃಷ್ಟಿಯ ಪುಸ್ತಕವನ್ನು ಓದಲು ಕಲಿತವನು. ತಂದೆಮಕ್ಕಳು ಒಟ್ಟಿಗೆ ಮೌನವಾಗಿ ಕುಳಿತುಕೊಳ್ಳುವ ತಾಣಗಳು ಇಂದು ಎಷ್ಟು ಉಳಿದಿವೆ?

ಆದರೆ ಅಕ್ವಿನಾಸರು ವಿನೋದಕ್ಕೆ ಮೂರು ಎಚ್ಚರಿಕೆಗಳನ್ನು ಹೇಳುತ್ತಾರೆ. ಆ ಸಂತೋಷವನ್ನು ಅಸಭ್ಯವಾದ ಅಥವಾ ಹಾನಿಕರವಾದ ಕೃತ್ಯದಿಂದ ಪಡೆಯಬಾರದು. ಅದರಲ್ಲಿ ಮನಸ್ಸಿನ ಸಮತೋಲನ ತಪ್ಪಬಾರದು. ಅದು ವ್ಯಕ್ತಿಗೂ ಕಾಲಕ್ಕೂ ಸ್ಥಳಕ್ಕೂ ಒಪ್ಪುವಂತಿರಬೇಕು. ಈ ಮೂರನ್ನೂ ಒಂದೊಂದಾಗಿ ನಮ್ಮ ಗಾಳಕ್ಕೆ ಅನ್ವಯಿಸಿ ನೋಡೋಣ.

ಮೊದಲ ಎಚ್ಚರಿಕೆ: ಹಾನಿ

ಮೀನಿಗೆ ನೋವಾಗುತ್ತದೆಯೇ? ಇದು ವಿಜ್ಞಾನಿಗಳ ನಡುವೆ ಗಂಭೀರವಾಗಿ ಚರ್ಚೆಗೊಂಡಿರುವ ವಿಷಯ. 2003ರಲ್ಲಿ ಬ್ರಿಟನ್ನಿನ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ಗಾಯವನ್ನು ಗುರುತಿಸುವ ನರತಂತುಗಳಿರುವುದನ್ನು ತೋರಿಸಿಕೊಟ್ಟರು. ತುಟಿಗೆ ಉರಿಯುಂಟುಮಾಡುವ ದ್ರವವನ್ನು ಚುಚ್ಚಿದಾಗ ಆ ಮೀನುಗಳಲ್ಲಿ ಕೆಲವು ತುಟಿಯನ್ನು ತಳದ ಕಲ್ಲುಗಳಿಗೆ ಉಜ್ಜಿಕೊಂಡವು. ಬಹಳ ಹೊತ್ತು ಆಹಾರವನ್ನು ಮುಟ್ಟಲಿಲ್ಲ. ಅಮೆರಿಕದ ಜೇಮ್ಸ್ ರೋಸ್ ಎಂಬ ವಿಜ್ಞಾನಿ ಇದಕ್ಕಿಂತ ಒಂದು ವರ್ಷ ಮೊದಲೇ, ಮನುಷ್ಯರಲ್ಲಿ ನೋವಿನ ಅರಿವಿಗೆ ಕಾರಣವಾಗುವ ಮಿದುಳಿನ ಹೊರಪದರ ಮೀನಿಗೆ ಇಲ್ಲ, ಆದ್ದರಿಂದ ಅದು ನಮ್ಮಂತೆ ನೋವನ್ನು ಅನುಭವಿಸಲಾರದು ಎಂದು ವಾದಿಸಿದ್ದರು. ಅಂದಿನಿಂದ ಮೀನಿಗೆ ನೋವಿದೆ ಎನ್ನುವವರ ಕಡೆಗೆ ಸಾಕ್ಷ್ಯಗಳು ಹೆಚ್ಚುತ್ತ ಬಂದಿವೆ. ಒಪ್ಪದವರೂ ಇದ್ದಾರೆ.

ಗುರುಮಠದಲ್ಲಿ ನೀತಿಶಾಸ್ತ್ರವನ್ನು ಕಲಿಯುವಾಗ ಎಲ್ಲರಿಗೂ ಹೇಳಿಕೊಡುವ ಹಳೆಯ ಉದಾಹರಣೆಯೊಂದಿದೆ. ಬೇಟೆಗಾರನಿಗೆ ಪೊದೆಯಲ್ಲಿ ಏನೋ ಅಲುಗಾಡಿದಂತೆ ಕಾಣುತ್ತದೆ. ಅದು ಜಿಂಕೆಯೋ ಮನುಷ್ಯನೋ ತಿಳಿಯದು. ಸಂದೇಹ ಪರಿಹಾರವಾಗುವ ತನಕ ಅವನು ಬಾಣ ಬಿಡಬಾರದು. ಈ ನಿಯಮ ಪೂರ್ಣ ಬಲದಿಂದ ನಿಲ್ಲುವುದು ಮನುಷ್ಯ ಜೀವದ ವಿಷಯದಲ್ಲಿ, ನಿಜ. ಮೀನನ್ನು ಮನುಷ್ಯನಿಗೆ ಸರಿಗಟ್ಟಲು ಕ್ರೈಸ್ತ ವಿಶ್ವಾಸ ಹೇಳುವುದಿಲ್ಲ. ಆದರೂ ಅದರ ನೆರಳಿನಲ್ಲಿ ಒಂದು ಸಣ್ಣ ನಿಯಮವನ್ನು ನಾವು ಅಂಗೀಕರಿಸಬಹುದು: ಮೃದುವಾಗಿ ವರ್ತಿಸಲು ವಿಜ್ಞಾನದ ಕೊನೆಯ ತೀರ್ಪಿಗಾಗಿ ಕಾಯಬೇಕಾಗಿಲ್ಲ. ನೋವಿರುವ ಸಂಭವವೇ ಸಾಕು.

1917ರ ಧರ್ಮಸಭೆಯ ಕಾನೂನು ಸಂಹಿತೆಯು ಗುರುಗಳು ಬೇಟೆಯಲ್ಲಿ ಆಸಕ್ತರಾಗಬಾರದೆಂದೂ ಗದ್ದಲದ ಬೇಟೆಗೆ ಎಂದೂ ಇಳಿಯಬಾರದೆಂದೂ ವಿಧಿಸಿತ್ತು. ಮೀನು ಹಿಡಿಯುವುದನ್ನು ಅದು ಹೆಸರಿಸಲಿಲ್ಲ. ಮೀನುಗಾರಿಕೆಯು ಪ್ರೇಷಿತರ ಕಸುಬು, ಶಾಂತವಾದ ಕಾಯಕ ಎಂಬ ಗೌರವ ಅದಕ್ಕೆ ಮೊದಲಿನಿಂದಲೂ ಇತ್ತು. ಆದರೆ ನನ್ನ ಮನಸ್ಸಿನಲ್ಲಿ ಒಂದು ಸಂಶಯ ಉಳಿಯುತ್ತದೆ. ಗಾಯಗೊಂಡ ಜಿಂಕೆ ಚೀರುತ್ತದೆ. ಮೀನಿನ ಚೀತ್ಕಾರ ನಮ್ಮ ಕಿವಿಗೆ ಕೇಳಿಸುವುದಿಲ್ಲ. ಈ ಕಾಯಕ ನಮಗೆ ಅಷ್ಟು ಶಾಂತವಾಗಿ ಕಾಣುವುದಕ್ಕೆ ಮೀನು ಮೂಕವಾಗಿರುವುದೂ ಒಂದು ಕಾರಣವಲ್ಲವೇ? ಕೂಗಲಾರದವರ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕೆಂಬುದು ಶುಭಸಂದೇಶ ಕಲಿಸುವ ಪಾಠ.

ಇದರಿಂದ ತೀರಾ ಸರಳವಾದ ಕೆಲವು ಕರ್ತವ್ಯಗಳು ಹುಟ್ಟುತ್ತವೆ. ತಿನ್ನುವುದಕ್ಕೆ ಹಿಡಿದ ಮೀನನ್ನು ಬಂಡೆಯ ಮೇಲೆ ಅರ್ಧಗಂಟೆ ಒದ್ದಾಡಲು ಬಿಡಬೇಡಿ; ತಲೆಗೆ ಒಂದೇ ಬಲವಾದ ಪೆಟ್ಟು ಕೊಟ್ಟು ಅದರ ಸಂಕಟವನ್ನು ಮುಗಿಸಿರಿ. ಜೀವವಿರುವಾಗಲೇ ಗಂಟಲಿನಿಂದ ಗಾಳವನ್ನು ಜಗ್ಗಿ ಕೀಳಬೇಡಿ. ಒದ್ದಾಡುವ ಮೀನನ್ನು ಎಳೆಯ ಮಕ್ಕಳ ಕೈಗೆ ಆಟಿಕೆಯಂತೆ ಕೊಡಬೇಡಿ.

ಮರಳಿ ಬಿಡುವುದು ದಯೆಯೇ?

ಈಗ ಮೂರನೆಯವನ ಕಡೆಗೆ ಬರೋಣ. ಹಿಡಿದು ಮರಳಿ ಬಿಡುವ ಪದ್ಧತಿ ಪಾಶ್ಚಾತ್ಯ ದೇಶಗಳಲ್ಲಿ ಬಹಳ ಕಾಲದಿಂದ ಇದೆ. ಈಗ ನಮ್ಮ ಕಡಲ ತೀರಕ್ಕೂ ಬಂದಿದೆ. ಮೀನಿನ ಸಂತತಿ ಉಳಿಯಲಿ ಎಂಬ ಒಳ್ಳೆಯ ಉದ್ದೇಶ ಇದರ ಹಿಂದಿದೆ. ಕಡಲಿನ ಕೇಡನ್ನು ಮೊದಲು ಕಂಡು ದನಿಯೆತ್ತುವವರಲ್ಲಿ ಇಂಥ ಹವ್ಯಾಸಿಗಳು ಅನೇಕರಿದ್ದಾರೆ ಎಂಬುದನ್ನೂ ಒಪ್ಪಬೇಕು. ಆದರೂ ಸ್ವಿಟ್ಜರ್ಲೆಂಡ್ 2008ರ ತನ್ನ ಪ್ರಾಣಿರಕ್ಷಣಾ ನಿಯಮದಲ್ಲಿ, ಮರಳಿ ಬಿಡುವ ಉದ್ದೇಶದಿಂದಲೇ ಗಾಳ ಹಾಕುವುದನ್ನು ನಿಷೇಧಿಸಿತು. ಮೇಲ್ನೋಟಕ್ಕೆ ಇದು ವಿಚಿತ್ರ. ಕೊಲ್ಲುವವನಿಗೆ ಅನುಮತಿ, ಬಿಡುವವನಿಗೆ ತಡೆ! ಆದರೆ ಅದರ ಹಿಂದಿನ ವಿಚಾರವು ನಮ್ಮ ಧರ್ಮೋಪದೇಶಕ್ಕೆ ದೂರವಾದುದಲ್ಲ. ತಿನ್ನುವವನು ನೀಡುವ ನೋವಿಗೆ ಆಹಾರವೆಂಬ ಕಾರಣವಿದೆ. ಬಿಡುವವನು ನೀಡುವ ನೋವಿಗೆ ಅವನ ಸಂತೋಷದ ಹೊರತು ಬೇರೆ ಕಾರಣವಿಲ್ಲ.

ಬಿಟ್ಟ ಮೀನೆಲ್ಲ ಬದುಕುವುದೂ ಇಲ್ಲ. 1992ರಲ್ಲಿ ಕೆನಡಾದಲ್ಲಿ ಸಿಹಿನೀರಿನ ಟ್ರೌಟ್ ಮೀನುಗಳ ಮೇಲೆ ನಡೆದ ಅಧ್ಯಯನವೊಂದು ಪ್ರಸಿದ್ಧವಾಗಿದೆ. ಚೆನ್ನಾಗಿ ಸೆಣಸಾಡಿಸಿ ನೀರಿನಲ್ಲೇ ಉಳಿಸಿದ ಮೀನುಗಳಲ್ಲಿ 100ಕ್ಕೆ 88ರಷ್ಟು ಬದುಕಿದವು. ಅದೇ ಸೆಣಸಾಟದ ನಂತರ 30 ಸೆಕೆಂಡು ನೀರಿನಿಂದ ಹೊರಗಿಟ್ಟವುಗಳಲ್ಲಿ ಬದುಕಿದ್ದು 62ರಷ್ಟು. ಒಂದು ನಿಮಿಷ ಹೊರಗಿಟ್ಟವುಗಳಲ್ಲಿ ಕೇವಲ 28ರಷ್ಟು. ನಮ್ಮ ಬಿಸಿನೀರಿನ ಕಡಲಿನ ಮೀನುಗಳಿಗೆ ಈ ಅಂಕೆಗಳು ಹಾಗೆಯೇ ಹೊಂದಬೇಕೆಂದಿಲ್ಲ; ಪಾಠವಂತೂ ಹೊಂದುತ್ತದೆ. ಒಂದು ಚಿತ್ರ ತೆಗೆಸಿಕೊಳ್ಳಲು ಒಂದು ನಿಮಿಷ ಏನೇನೂ ಹೆಚ್ಚಲ್ಲ. ಕಿವಿರಿನಿಂದ ಉಸಿರಾಡುವ ಜೀವಕ್ಕೆ ಅದು ಬಹಳ ದೀರ್ಘ. ದೋಣಿಯಲ್ಲಿ ಹೋಗಿ ಆಳದ ಬಂಡೆಗಳ ನಡುವಿನಿಂದ ಮುರು, ಕೆಂಬೇರಿಗಳಂಥ ಮೀನುಗಳನ್ನು ವೇಗವಾಗಿ ಮೇಲೆಳೆದಾಗ ಇನ್ನೊಂದು ತೊಂದರೆಯಿದೆ. ನೀರಿನ ಒತ್ತಡ ಇಳಿದಂತೆ ಮೀನಿನೊಳಗಿನ ಗಾಳಿಚೀಲ ಉಬ್ಬಿ, ಕೆಲವೊಮ್ಮೆ ಜಠರವೇ ಬಾಯಿಗೆ ಬರುತ್ತದೆ. ಅಂಥ ಮೀನನ್ನು ಬಿಟ್ಟರೂ ಅದು ಆಳಕ್ಕೆ ಇಳಿಯಲಾರದೆ ಮೇಲೆ ತೇಲುತ್ತದೆ, ಹದ್ದುಗಳ ಪಾಲಾಗುತ್ತದೆ.

ಹಾಗೆಂದು ಯಾವ ಮೀನನ್ನೂ ಬಿಡಬಾರದೆಂದು ನಾನು ಹೇಳುತ್ತಿಲ್ಲ. ಬಿಡಲೇಬೇಕಾದ ಮೀನುಗಳಿವೆ. ಮರಿಮೀನು ಸಿಕ್ಕಿದರೆ ಬಿಡಬೇಕು ಎಂಬುದು ಎಲ್ಲರಿಗೂ ಗೊತ್ತು. ಅತಿ ದೊಡ್ಡ ಮೀನಿನ ಬಗ್ಗೆ ಕಡಿಮೆ ಜನ ಯೋಚಿಸುತ್ತಾರೆ. ನಮ್ಮ ಅಳಿವೆಗಳಲ್ಲಿ ಗಾಳದವರು ಅತ್ಯಂತ ಆಸೆಪಡುವ ಮೀನು ಕುರುಡಿ. ಪೇಟೆಯವರು ಸೀಬಾಸ್ ಎನ್ನುತ್ತಾರೆ. ಅದರ ಜೀವನ ಸೋಜಿಗದ್ದು. ಈ ಮೀನು ಸಾಮಾನ್ಯವಾಗಿ ಮೊದಲು ಗಂಡಾಗಿ ಬೆಳೆಯುತ್ತದೆ. ಕೆಲವು ವರ್ಷಗಳ ನಂತರ ಹೆಣ್ಣಾಗಿ ಮಾರ್ಪಡುತ್ತದೆ. ಆದುದರಿಂದ ಎರಡು ಕೈಯಲ್ಲೂ ಎತ್ತಲಾಗದಷ್ಟು ದೊಡ್ಡ ಕುರುಡಿ ಸಿಕ್ಕಿದರೆ ಅದು ಬಹುತೇಕ ತಾಯಿಮೀನೇ. ಅಂಥ ಒಂದು ತಾಯಿ ಲಕ್ಷಾಂತರ ಮೊಟ್ಟೆಗಳನ್ನಿಡಬಲ್ಲದು. ಮುರುವಿನ ಜಾತಿಯಲ್ಲಿ ಇದು ತಿರುವುಮುರುವು. ಅವು ಹೆಣ್ಣಾಗಿ ಆರಂಭಿಸಿ, ದೊಡ್ಡವಾದ ಮೇಲೆ ಕೆಲವು ಗಂಡಾಗುತ್ತವೆ. ಯಾವ ರೀತಿಯಲ್ಲಾದರೂ ಅತಿ ದೊಡ್ಡದನ್ನೇ ಆರಿಸಿ ತೆಗೆಯುತ್ತ ಹೋದರೆ ಮುಂದಿನ ಪೀಳಿಗೆಯ ಬೇರಿಗೇ ಕೊಡಲಿ ಬೀಳುತ್ತದೆ.

ಇದನ್ನು ಓದುವಾಗ ನನಗೆ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದ ಚಿಕ್ಕ ಕಟ್ಟಳೆಯೊಂದು ನೆನಪಾಗುತ್ತದೆ. ದಾರಿಯಲ್ಲಿ ಹಕ್ಕಿಯ ಗೂಡು ಸಿಕ್ಕಿದರೆ ಮರಿಗಳನ್ನಾದರೂ ತೆಗೆದುಕೊಳ್ಳಬಹುದು, ತಾಯಿಹಕ್ಕಿಯನ್ನು ಮಾತ್ರ ಬಿಟ್ಟುಬಿಡಬೇಕು. ಹಾಗೆ ಮಾಡುವವನಿಗೆ ಒಳಿತೂ ದೀರ್ಘಾಯುಷ್ಯವೂ ಲಭಿಸುವುದು ಎನ್ನುತ್ತದೆ ಅದು. ತಂದೆತಾಯಿಯರನ್ನು ಗೌರವಿಸುವವರಿಗೆ ದೇವರು ಕೊಟ್ಟ ವಾಗ್ದಾನವೂ ಇದೇ. ಮೀನಿನ ವಂಶವೃದ್ಧಿಯ ವಿಜ್ಞಾನ ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಹಿಂದೆ, ತಾಯಿಯನ್ನು ಬಿಟ್ಟರೆ ನಾಳೆಗೆ ಉಳಿಯುತ್ತದೆ ಎಂಬ ವಿವೇಕವನ್ನು ಒಂದು ಹಕ್ಕಿಗೂಡಿನ ನೆವದಲ್ಲಿ ದೇವರು ತಮ್ಮ ಜನರಿಗೆ ಕಲಿಸಿದ್ದರು.

ಅಸ್ಸಿಸಿಯ ಸಂತ ಫ್ರಾನ್ಸಿಸರ ಚರಿತ್ರೆಯಲ್ಲಿಯೂ ಮರಳಿ ಬಿಟ್ಟ ಮೀನಿನ ಪ್ರಸಂಗವಿದೆ. ರಿಯೇತಿಯ ಸರೋವರದಲ್ಲಿ ದೋಣಿಯಲ್ಲಿದ್ದಾಗ ಮೀನುಗಾರನೊಬ್ಬ ಅವರಿಗೆ ದೊಡ್ಡ ಮೀನನ್ನು ಕಾಣಿಕೆಯಾಗಿ ಕೊಟ್ಟನು. ಅವರು ಅದನ್ನು ಸಹೋದರನೆಂದು ಕರೆದು ನೀರಿಗೆ ಬಿಟ್ಟರು. ಸಂತರ ಪ್ರಾರ್ಥನೆ ಮುಗಿಯುವ ತನಕ ಅದು ದೋಣಿಯ ಬಳಿಯೇ ಆಡುತ್ತಿತ್ತಂತೆ. ಅವರು ಬಿಡುವ ಸಂತೋಷಕ್ಕಾಗಿ ಮೀನನ್ನು ಹಿಡಿಸಲಿಲ್ಲ. ಕೈಗೆ ಬಂದ ಜೀವಕ್ಕೆ ಬಿಡುಗಡೆ ಕೊಟ್ಟರು. ನಮ್ಮ ನಿಯಮವೂ ಇದರಂತೆ ಇರಬಹುದೆಂದು ನನಗೆ ತೋರುತ್ತದೆ. ತಿನ್ನುವಷ್ಟಕ್ಕೆ ಗಾಳ ಹಾಕೋಣ. ಹಿಡಿಯಬಾರದ್ದು ಸಿಕ್ಕಿದರೆ ನೀರಿನಲ್ಲೇ ಇಟ್ಟು, ಒದ್ದೆ ಕೈಯಿಂದ ಹಿಡಿದು, ಬೇಗನೆ ಬಿಡೋಣ. ಸಾಕಷ್ಟು ಸಿಕ್ಕಿದ ಮೇಲೆ ಗಾಳವನ್ನು ಸುತ್ತಿಡೋಣ. ಬಿಡುವುದಕ್ಕೆಂದೇ ದಿನವಿಡೀ ಹಿಡಿಯುತ್ತಿರುವುದನ್ನು ದಯೆಯೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಎರಡನೆಯ ಎಚ್ಚರಿಕೆ: ಮನಸ್ಸಿನ ಸಮತೋಲನ

ಪ್ರವಾದಿ ಹಬಕ್ಕೂಕನ ಗ್ರಂಥದ ಮೊದಲ ಅಧ್ಯಾಯದಲ್ಲಿ ಕಂಗೆಡಿಸುವ ಚಿತ್ರವೊಂದಿದೆ. ದುರ್ಬಲ ಜನಾಂಗಗಳನ್ನು ಕಬಳಿಸುವ ಸಾಮ್ರಾಜ್ಯವನ್ನು ಪ್ರವಾದಿಯು ಮೀನುಗಾರನಿಗೆ ಹೋಲಿಸುತ್ತಾನೆ. ಅವನು ಜನರನ್ನು ಗಾಳದಿಂದ ಎತ್ತುತ್ತಾನೆ, ಬಲೆಯಿಂದ ಬಾಚುತ್ತಾನೆ, ಹಿಡಿದ ರಾಶಿಯನ್ನು ಕಂಡು ಹಿಗ್ಗುತ್ತಾನೆ. ಕಡೆಗೆ ತನ್ನ ಬಲೆಗೇ ಬಲಿಯರ್ಪಿಸುತ್ತಾನೆ. ಇದಕ್ಕೆ ಕೊನೆಯೇ ಇಲ್ಲವೇ ಎಂದು ಪ್ರವಾದಿಯು ದೇವರ ಮುಂದೆ ಮೊರೆಯಿಡುತ್ತಾನೆ.

ಹೋಲಿಕೆ ರಾಜಕೀಯದ್ದಾದರೂ ಅದರಲ್ಲಿ ಮನುಷ್ಯ ಮನಸ್ಸಿನ ಪರಿಚಯವಿದೆ. ಹಿಡಿಯುವ ಸುಖಕ್ಕೆ ಸಾಕು ಎಂಬುದು ಗೊತ್ತಿಲ್ಲ. ವಿನೋದವಾಗಿ ಆರಂಭವಾದದ್ದು ಪೈಪೋಟಿಯಾಗುತ್ತದೆ. ನಿನ್ನೆಯದಕ್ಕಿಂತ ದೊಡ್ಡದು, ಗೆಳೆಯನದಕ್ಕಿಂತ ಭಾರವಾದದ್ದು ಬೇಕೆನಿಸುತ್ತದೆ. ಕೋಲಿನ ಮೇಲೆ ಕೋಲು, ರೀಲಿನ ಮೇಲೆ ರೀಲು ಮನೆಗೆ ಬರುತ್ತದೆ. ಮನೆಯಲ್ಲಿ ಮಕ್ಕಳ ಶಾಲೆಯ ಶುಲ್ಕ ಬಾಕಿಯಿರುತ್ತದೆ. ಭಾನುವಾರದ ಪೂಜೆಗೆ ಬಾರದವನು ಭರತದ ಹೊತ್ತಿಗೆ ಮಾತ್ರ ತಪ್ಪದೆ ಕಡಲಿಗೆ ಹಾಜರಾಗುತ್ತಾನೆ. ಬಲೆಗೆ ಬಲಿಯರ್ಪಿಸುವುದೆಂದರೆ ಇದೇ ಅಲ್ಲವೇ?

ಸಮತೋಲನ ಉಳಿದಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಮೂರು ಗಂಟೆ ಕುಳಿತು ಬರಿಗೈಯಲ್ಲಿ ಮನೆಗೆ ಹೊರಟಾಗ ಮನಸ್ಸು ಹೇಗಿರುತ್ತದೆ? ಹಗುರವಾಗಿದ್ದರೆ ನಿಮಗೆ ವಿಶ್ರಾಂತಿ ಸಿಕ್ಕಿತು. ಸಿಡಿಮಿಡಿಯಿಂದ ಹೆಂಡತಿಮಕ್ಕಳ ಮೇಲೆ ಹರಿಹಾಯುವಂತಿದ್ದರೆ ಗಾಳಕ್ಕೆ ಸಿಕ್ಕಿಬಿದ್ದವರು ನೀವೇ. ಪೇತ್ರನೂ ಸಂಗಡಿಗರೂ ರಾತ್ರಿಯಿಡೀ ದುಡಿದು ಏನೂ ಸಿಗದ ಮುಂಜಾನೆಯಲ್ಲೇ ದಡದ ಮೇಲೆ ಸ್ವಾಮಿಯ ದನಿಯನ್ನು ಕೇಳಿದರು. ಬರಿಗೈಯ ಹೊತ್ತು ವ್ಯರ್ಥವಾದ ಹೊತ್ತೆಂದು ನಾವು ಎಣಿಸಬೇಕಾಗಿಲ್ಲ.

ಮೂರನೆಯ ಎಚ್ಚರಿಕೆ: ವ್ಯಕ್ತಿ, ಕಾಲ, ಸ್ಥಳ

ಕರ್ನಾಟಕದ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನುಗಳು ಮೊಟ್ಟೆಯಿಡುವ ಕಾಲದಲ್ಲಿ ಕಡಲಿಗೆ ವಿಶ್ರಾಂತಿ ಸಿಗಲಿ ಎಂಬುದೂ ಮಳೆಗಾಲದ ಅಬ್ಬರದಲ್ಲಿ ಜೀವಗಳು ಉಳಿಯಲಿ ಎಂಬುದೂ ಇದರ ಉದ್ದೇಶ. ಬೋಟುಗಳನ್ನು ದಕ್ಕೆಯಲ್ಲಿ ಕಟ್ಟಿಹಾಕಿ, ಸಂಪಾದನೆಯಿಲ್ಲದೆ ಎರಡು ತಿಂಗಳು ಕಳೆಯುವ ಕುಟುಂಬಗಳ ಉಪವಾಸ ಇದರ ಹಿಂದಿದೆ. ದಡದಿಂದ ಗಾಳ ಹಾಕುವವನಿಗೆ ಆ ನಿಷೇಧ ತಟ್ಟದಿರಬಹುದು. ಆದರೆ ಹೊಟ್ಟೆಪಾಡಿಗಾಗಿ ಹಿಡಿಯುವವನೇ ಸಂಯಮದಿಂದಿರುವಾಗ ವಿನೋದಕ್ಕಾಗಿ ಹಿಡಿಯುವವನು ಮೊಟ್ಟೆತುಂಬಿದ ಮೀನುಗಳ ಮೇಲೆ ಕೈಮಾಡುವುದು ನ್ಯಾಯವೇ? ಕಾನೂನು ಕೇಳದಿದ್ದರೂ ಅಂತಃಸಾಕ್ಷಿ ಕೇಳಬೇಕಾದ ಪ್ರಶ್ನೆಯಿದು.

ಇನ್ನು ಸ್ಥಳದ ಮಾತು. ಮಳೆಗಾಲದಲ್ಲಿ ಪಾಚಿಗಟ್ಟಿದ ಬಂಡೆಗಳ ಮೇಲೆ ಗಾಳ ಹಾಕಲು ಹೋಗಿ ಅಲೆಯ ಪಾಲಾದವರ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. ಕುಟುಂಬವನ್ನು ಪೋಷಿಸಲು ಅಪಾಯಕ್ಕೆ ಒಡ್ಡಿಕೊಳ್ಳುವವನ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ. ಆಟಕ್ಕಾಗಿ ಅದೇ ಅಪಾಯಕ್ಕೆ ಒಡ್ಡಿಕೊಳ್ಳುವವನು ತನ್ನದಲ್ಲದ ಆಸ್ತಿಯನ್ನು ಪಣಕ್ಕಿಡುತ್ತಾನೆ. ನಮ್ಮ ಜೀವ ದೇವರ ಕೊಡುಗೆ. ಅದರ ಮೇಲೆ ಮನೆಯಲ್ಲಿ ಕಾಯುತ್ತಿರುವ ತಾಯಿಗೂ ಹೆಂಡತಿಗೂ ಮಕ್ಕಳಿಗೂ ಹಕ್ಕಿದೆ. ಕಡಲು ಕೆರಳಿದ ದಿನ ಮನೆಯಲ್ಲಿ ಉಳಿಯುವುದು ಹೇಡಿತನವಲ್ಲ, ಐದನೆಯ ಕಟ್ಟಳೆಯ ಪಾಲನೆ.

ಕಡೆಯದಾಗಿ ವ್ಯಕ್ತಿ. ಕಲ್ಲಿನ ಮೇಲೆ ಪಕ್ಕದಲ್ಲಿ ಕುಳಿತಿರುವ ಬಾಟಲಿ ತಂಗೂಸಿಯ ಮನುಷ್ಯನನ್ನು ಮರೆಯಬಾರದು. ಅವನಿಗೆ ಆ ಜಾಗ ಅಡುಗೆಮನೆಯ ವಿಸ್ತರಣೆ. ದೂರದಿಂದ ಬಂದವನು ಒಳ್ಳೆಯ ಸಲಕರಣೆಯ ಬಲದಿಂದ ಅವನ ಜಾಗವನ್ನು ಆಕ್ರಮಿಸುವುದು, ತುಂಡಾದ ತಂಗೂಸಿಯನ್ನು ಬಂಡೆಗಳ ನಡುವೆ ಬಿಟ್ಟು ಹೋಗುವುದು ನೆರೆಯವನಿಗೆ ಮಾಡುವ ಅನ್ಯಾಯ. ಆ ದಾರ ಎಷ್ಟೋ ದಶಕಗಳು ಕಳೆದರೂ ಕರಗುವುದಿಲ್ಲ. ಗಾಳದವನು ಮನೆಗೆ ಹೋಗಿ ಮಲಗಿದ ಮೇಲೂ ಅದು ಆಮೆಯ ಕಾಲಿಗೆ, ಹಕ್ಕಿಯ ರೆಕ್ಕೆಗೆ ಸುತ್ತಿಕೊಂಡು ಬೇಟೆಯಾಡುತ್ತಲೇ ಇರುತ್ತದೆ. ತಂದ ದಾರವನ್ನೆಲ್ಲ ಮರಳಿ ಕೊಂಡೊಯ್ಯುವುದು ಅಷ್ಟೇನೂ ಕಷ್ಟದ ಕೆಲಸವಲ್ಲ.

ಕುಟುಂಬಗಳಿಗೆ ಒಂದು ಮಾತು

ಮಗನು ಮೀನು ಕೇಳಿದರೆ ಯಾವ ತಂದೆ ಹಾವನ್ನು ಕೊಟ್ಟಾನು ಎಂದು ಯೇಸುಸ್ವಾಮಿ ಕೇಳಿದರು. ತಂದೆಯ ಪ್ರೀತಿಗೆ ಅವರು ಆರಿಸಿಕೊಂಡ ಗುರುತುಗಳಲ್ಲಿ ಮೀನೂ ಒಂದು. ಆದ್ದರಿಂದ ಪ್ರಿಯ ತಂದೆಯರೇ, ಮಕ್ಕಳನ್ನು ಗಾಳ ಹಾಕಲು ಕರೆದುಕೊಂಡು ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಕರೆದುಕೊಂಡು ಹೋಗಿ. ಆದರೆ ಹಿಡಿಯುವುದನ್ನು ಮಾತ್ರ ಕಲಿಸಿ ಬರಬೇಡಿ. ಕಾಯುವುದನ್ನು ಕಲಿಸಿ. ಬಿಡಬೇಕಾದದ್ದನ್ನು ಬಿಡಲು, ಸಾಕೆನ್ನಲು ಕಲಿಸಿ. ಮೀನು ಸತ್ತಾಗ ಮಗು ಮುಖ ಬಾಡಿಸಿಕೊಂಡರೆ ಅದನ್ನು ಗೇಲಿ ಮಾಡಬೇಡಿ. ಆ ಮರುಕವನ್ನು ದೇವರೇ ಅದರ ಹೃದಯದಲ್ಲಿ ಇಟ್ಟಿದ್ದಾರೆ. ನಾಳೆ ಅದು ಮನುಷ್ಯರ ಕಡೆಗೂ ಹರಿಯಬೇಕಾದ ತೊರೆ. ಪ್ರಾಣಿಗಳ ಮೇಲಿನ ಕನಿಕರವು ಮನುಷ್ಯರ ಮೇಲಿನ ಕನಿಕರಕ್ಕೆ ನಮ್ಮನ್ನು ಪಳಗಿಸುತ್ತದೆ ಎಂದು ಅಕ್ವಿನಾಸರೂ ಬರೆದಿದ್ದಾರೆ.

ಪ್ರಿಯ ತಾಯಂದಿರೇ, ಆ ಮೀನು ನಿಮ್ಮ ಒಲೆಗೆ ಬಂದ ರಾತ್ರಿ, ಊಟದ ಮುಂಚಿನ ಪ್ರಾರ್ಥನೆಯನ್ನು ಅವಸರದಿಂದ ಮುಗಿಸಬೇಡಿ. ಮೀನನ್ನು ಹರಸಿದ ದೇವರಿಗೆ, ಅದನ್ನು ಸಾಕಿದ ಕಡಲಿಗೆ, ಅದರ ಜೀವಕ್ಕೆ ಋಣಿಗಳಾಗಿದ್ದೇವೆ ಎಂದು ಮಕ್ಕಳು ಒಂದು ಮಾತು ಹೇಳಲಿ. ಸ್ವಾಮಿ ದಡದ ಮೇಲೆ ಕೆಂಡ ಹೊತ್ತಿಸಿ ತಮ್ಮವರನ್ನು ಕರೆದಂತೆ, ನಿಮ್ಮ ಮನೆಯ ಆ ಊಟಕ್ಕೆ ನೆರೆಯ ಒಬ್ಬರನ್ನೂ ಕರೆಯಿರಿ. ಹಾಗೆ ಹಂಚಿ ತಿಂದ ಮೀನಿನ ವಿಷಯದಲ್ಲಿ ಯಾರ ಅಂತಃಸಾಕ್ಷಿಯೂ ಕುಟುಕಲಾರದು ಎಂದು ನಾನು ನಂಬಿದ್ದೇನೆ.